ತಾರಸಿ ಸೋಲಾರ್: ಮನೆಗೆ ಎಷ್ಟು ಕಿಲೋವ್ಯಾಟ್ ಸಾಕು?

2024ರ ಫೆಬ್ರವರಿಯಲ್ಲಿ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ ಆರಂಭವಾದ ಮೇಲೆ ತಾರಸಿಯ ಮೇಲೆ ಸೋಲಾರ್ ಹಾಕಿಸುವ ವಿಚಾರ ಊರೂರಲ್ಲೂ ನಡೆದಿದೆ. ಅರ್ಜಿ ಹಾಕುವುದು ಹೇಗೆ, ಸಬ್ಸಿಡಿ ಪಡೆಯುವುದು ಹೇಗೆ ಎಂಬ ಮಾಹಿತಿ ಬೇಕಾದಷ್ಟು ಸಿಗುತ್ತದೆ. ಆದರೆ ಎಷ್ಟು ಕಿಲೋವ್ಯಾಟ್ ಹಾಕಿಸಬೇಕು ಎಂಬ ಮೊದಲ ಪ್ರಶ್ನೆಗೆ ಹೆಚ್ಚಿನ ಮನೆಗಳಲ್ಲಿ ಉತ್ತರ ಕೊಡುವವರು ಮಾರುವವರೇ ಆಗಿರುತ್ತಾರೆ. ತಾರಸಿ ದೊಡ್ಡದಿದೆ, 5 ಹಾಕಿಸಿಬಿಡಿ ಎನ್ನುತ್ತಾರೆ ಒಬ್ಬರು. ಸಬ್ಸಿಡಿ ಪೂರ್ತಿ ಸಿಗುವುದು 3ಕ್ಕೆ, ಅದನ್ನೇ ಹಾಕಿಸಿ ಎನ್ನುತ್ತಾರೆ ಇನ್ನೊಬ್ಬರು. ಮನೆಯವರ ಉಳಿತಾಯದ ಒಂದೆರಡು ಲಕ್ಷ ರೂಪಾಯಿ 25 ವರ್ಷದ ವಸ್ತುವೊಂದರಲ್ಲಿ ಕೂರುವ ವಿಷಯವಿದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಹಿರಿಯರ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಈ ಲೆಕ್ಕದಲ್ಲಿ ಹಾಸಿಗೆ ಎಂದರೆ ತಾರಸಿಯಲ್ಲ, ಮನೆಯ ವಿದ್ಯುತ್ ಬಳಕೆ.

ಮೀಟರ್ ಲೆಕ್ಕ ನಡೆಯುವ ಬಗೆ

ಗ್ರಿಡ್‌ಗೆ ಜೋಡಿಸಿದ ಸೋಲಾರ್‌ನಲ್ಲಿ ಬ್ಯಾಟರಿ ಇರುವುದಿಲ್ಲ. ಹಗಲು ಪ್ಯಾನೆಲ್‌ಗಳು ಉತ್ಪಾದಿಸಿದ ವಿದ್ಯುತ್ ಮೊದಲು ಮನೆಯ ಬಳಕೆಗೆ ಹೋಗುತ್ತದೆ, ಉಳಿದದ್ದು ಬೀದಿಯ ಲೈನಿಗೆ ಸೇರುತ್ತದೆ. ರಾತ್ರಿ ಬೇಕಾದದ್ದು ಲೈನಿನಿಂದ ಬರುತ್ತದೆ. ಹೋದದ್ದು, ಬಂದದ್ದು ಎರಡನ್ನೂ ಅಳೆಯುವ ಮೀಟರನ್ನು ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೆಸ್ಕಾಂ ಅಥವಾ ಸೆಸ್ಕ್ ಕೂರಿಸುತ್ತದೆ. ಬಿಲ್ ಮಾಡುವಾಗ ಒಂದರಲ್ಲಿ ಇನ್ನೊಂದನ್ನು ಕಳೆಯುತ್ತಾರೆ. ಇದೇ ನೆಟ್ ಮೀಟರಿಂಗ್.

ಇದರಲ್ಲಿ ಮನೆಯವರು ಗಮನಿಸಬೇಕಾದ ಸಂಗತಿ ಒಂದಿದೆ. ಹಗಲು ಲೈನಿಗೆ ಕೊಟ್ಟು ರಾತ್ರಿ ವಾಪಸು ಪಡೆದ ಒಂದು ಯೂನಿಟ್‌ಗೆ ಪೂರ್ತಿ ಬೆಲೆ ಸಿಕ್ಕಂತೆಯೇ, ಏಕೆಂದರೆ ಅಷ್ಟು ಬಿಲ್ ಉಳಿಯಿತು. 2025-26ರ ದರಪಟ್ಟಿಯಂತೆ ಗೃಹಬಳಕೆಯ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಇದರ ಮೇಲೆ ತೆರಿಗೆ ಮತ್ತು ಇತರ ಸೇರ್ಪಡೆಗಳಿವೆ. ಆದರೆ ಮನೆಯ ಬಳಕೆಯನ್ನೂ ಮೀರಿ ಉಳಿದ ಯೂನಿಟ್‌ಗೆ ಈ ಬೆಲೆ ಸಿಗುವುದಿಲ್ಲ. ಅದನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ (ಕೆಇಆರ್‌ಸಿ) ನಿಗದಿಪಡಿಸಿದ ಕಡಿಮೆ ದರದಲ್ಲಿ ಖರೀದಿಸಲಾಗುತ್ತದೆ. ಸಬ್ಸಿಡಿ ಪಡೆದವರಿಗೆ ಆ ದರ ಇನ್ನೂ ಕಡಿಮೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಮನೆಗೆ ಬಳಸಿದ ಮಾಲಿಗೆ ಚಿಲ್ಲರೆ ಬೆಲೆ, ಮಿಕ್ಕ ಮಾಲಿಗೆ ಸಗಟಿಗಿಂತಲೂ ಕಡಿಮೆ ಬೆಲೆ.

ಹಿಂದೆ ದೊಡ್ಡದು ಹಾಕಿಸಿದವರಿಗೆ ಲಾಭವಾಗಿತ್ತಲ್ಲ?

ಆಗಿದ್ದು ನಿಜ. 2013ರ ಅಕ್ಟೋಬರ್‌ನಲ್ಲಿ ಕೆಇಆರ್‌ಸಿ ತಾರಸಿ ಸೋಲಾರ್‌ಗೆ ಸಬ್ಸಿಡಿ ಪಡೆಯದವರಿಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ದರ ನಿಗದಿ ಮಾಡಿತ್ತು. ಆಗ ಮಾರುವ ಬೆಲೆ ಕೊಳ್ಳುವ ಬೆಲೆಗಿಂತ ಹೆಚ್ಚಿತ್ತು. ತಾರಸಿ ತುಂಬ ಪ್ಯಾನೆಲ್ ಹಾಕಿದವರಿಗೆ ಅದು ಬಾಡಿಗೆ ಬಂದ ಹಾಗೆ ಬಂತು. ಒಪ್ಪಂದ 25 ವರ್ಷದ್ದಾದ್ದರಿಂದ ಅವರಿಗೆ ಈಗಲೂ ಬರುತ್ತಿದೆ. 2016ರ ನಂತರ ಹೊಸ ಒಪ್ಪಂದಗಳ ದರ ಇಳಿಯುತ್ತಾ ಬಂತು, ಈಗ ಲೆಕ್ಕ ಪೂರ್ತಿ ತಿರುಗಿದೆ. ಅಂದಿನ ಸಂಬಂಧಿಕರ ಮನೆಯ ಅನುಭವ ನೋಡಿ ಇಂದು ಅಳತೆ ನಿರ್ಧರಿಸುವುದು ಸರಿಯಲ್ಲ.

ಒಂದು ಕಿಲೋವ್ಯಾಟ್ ಎಷ್ಟು ಕೊಡುತ್ತದೆ?

ಕರ್ನಾಟಕದಲ್ಲಿ ನೆರಳಿಲ್ಲದ ಜಾಗದಲ್ಲಿ ಸರಿಯಾಗಿ ಕೂರಿಸಿದ 1 ಕಿಲೋವ್ಯಾಟ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್, ತಿಂಗಳಿಗೆ ಸುಮಾರು 120 ಯೂನಿಟ್, ವರ್ಷಕ್ಕೆ 1400ರ ಆಸುಪಾಸು ಕೊಡುತ್ತದೆ. ವಿಜಯಪುರ, ಕಲಬುರಗಿ, ಬಳ್ಳಾರಿ ಕಡೆಯ ಬಯಲಿನಲ್ಲಿ ಸ್ವಲ್ಪ ಹೆಚ್ಚು. ಮೂಡುಬಿದಿರೆ, ಕಾರ್ಕಳ, ಶಿವಮೊಗ್ಗದ ಮಲೆನಾಡಿನ ಕಡೆ ಮಳೆಗಾಲದಲ್ಲಿ ಬಹಳ ಕಡಿಮೆಯಾಗುವುದರಿಂದ ವರ್ಷದ ಮೊತ್ತವೂ ಇಳಿಯುತ್ತದೆ. ಜುಲೈ ತಿಂಗಳಲ್ಲಿ ಅಲ್ಲಿ ದಿನಕ್ಕೆ 4ರ ಬದಲು 2-2.5 ಯೂನಿಟ್ ಬಂದರೆ ಆಶ್ಚರ್ಯಪಡಬೇಕಿಲ್ಲ.

ಬಿಸಿಲು ಹೆಚ್ಚಾದಷ್ಟೂ ವಿದ್ಯುತ್ ಹೆಚ್ಚು ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಶಾಖವಲ್ಲ. ಪ್ಯಾನೆಲ್‌ನ ಶಾಖ 25 ಡಿಗ್ರಿ ಮೀರಿದ ಮೇಲೆ ಪ್ರತಿ ಡಿಗ್ರಿಗೆ ಶೇ. 0.3ರಿಂದ 0.4ರಷ್ಟು ಉತ್ಪಾದನೆ ತಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿಗೆ ಕಾದರೆ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಅಲ್ಲೇ ಹೋಗುತ್ತದೆ. ಜೊತೆಗೆ ಧೂಳು, ತಂತಿ, ಇನ್ವರ್ಟರ್‌ಗಳಲ್ಲೂ ಒಂದಿಷ್ಟು ನಷ್ಟವಿದೆ. ಕೊಟೇಶನ್‌ನಲ್ಲಿ ದಿನಕ್ಕೆ 5 ಯೂನಿಟ್ ಲೆಕ್ಕದಲ್ಲಿ ಉಳಿತಾಯ ತೋರಿಸಿದ್ದರೆ ಅದನ್ನು 4ಕ್ಕೆ ಇಳಿಸಿ ಮತ್ತೆ ಲೆಕ್ಕ ಹಾಕಬೇಕು.

ಮೊದಲ ಕೆಲಸ: 12 ತಿಂಗಳ ಬಿಲ್

ಒಂದು ತಿಂಗಳ ಬಿಲ್ ನೋಡಿ ಅಳತೆ ಹೇಳುವವರನ್ನು ನಂಬಬಾರದು. ಮೇ ತಿಂಗಳ ಬಿಲ್ ನೋಡಿದರೆ ದೊಡ್ಡದು ಬೇಕೆನಿಸುತ್ತದೆ, ಡಿಸೆಂಬರ್ ಬಿಲ್ ನೋಡಿದರೆ ಚಿಕ್ಕದು ಸಾಕೆನಿಸುತ್ತದೆ. ಹಿಂದಿನ 12 ತಿಂಗಳ ಬಿಲ್‌ಗಳಲ್ಲಿ ರೂಪಾಯಿಯನ್ನು ಬಿಟ್ಟು ಯೂನಿಟ್‌ಗಳನ್ನು ಮಾತ್ರ ಬರೆದುಕೊಳ್ಳಬೇಕು. ಬಿಲ್ ಕಳೆದುಹೋಗಿದ್ದರೆ ಆಯಾ ಎಸ್ಕಾಂನ ಜಾಲತಾಣದಲ್ಲೋ ಉಪವಿಭಾಗ ಕಚೇರಿಯಲ್ಲೋ ವಿಚಾರಿಸಿ ಪಡೆಯಬಹುದು. ವರ್ಷದ ಒಟ್ಟು ಯೂನಿಟ್‌ಗಳನ್ನು 1400ರಿಂದ ಭಾಗಿಸಿದರೆ ಬರುವ ಅಂಕೆಯೇ ಆ ಮನೆಯ ಮೇಲಿನ ಮಿತಿ. ಅದಕ್ಕಿಂತ ದೊಡ್ಡದು ಹಾಕಿಸಿದರೆ ಹೆಚ್ಚಿನ ವಿದ್ಯುತ್ ಕಡಿಮೆ ಬೆಲೆಗೆ ಹೋಗುತ್ತದೆ.

ಉದಾಹರಣೆಗೆ ನಾಲ್ಕೈದು ಜನರ ಒಂದು ಮನೆ. ಮಾರ್ಚ್‌ನಿಂದ ಮೇವರೆಗಿನ ಬಳಕೆ 1200 ಯೂನಿಟ್, ಜೂನ್‌ನಿಂದ ಸೆಪ್ಟೆಂಬರ್ 1110, ಅಕ್ಟೋಬರ್‌ನಿಂದ ಫೆಬ್ರವರಿ 1330. ವರ್ಷಕ್ಕೆ ಒಟ್ಟು 3640, ತಿಂಗಳ ಸರಾಸರಿ 303. ಭಾಗಿಸಿದರೆ 2.6 ಕಿಲೋವ್ಯಾಟ್ ಬರುತ್ತದೆ. ಬಯಲುಸೀಮೆಯಲ್ಲಿ 1 ಕಿಲೋವ್ಯಾಟ್ ಈ ಮೂರು ಅವಧಿಗಳಲ್ಲಿ ಕ್ರಮವಾಗಿ 400, 400 ಮತ್ತು 610 ಯೂನಿಟ್ ಕೊಟ್ಟರೆ ಬೇರೆ ಬೇರೆ ಅಳತೆಗಳ ಫಲ ಹೀಗಾಗುತ್ತದೆ:

2 ಕಿಲೋವ್ಯಾಟ್: ವರ್ಷಕ್ಕೆ 2820 ಯೂನಿಟ್ ಉತ್ಪಾದನೆ. ಎಲ್ಲವೂ ಮನೆಗೇ ಬಳಕೆ, 820 ಯೂನಿಟ್ ಹೊರಗಿನಿಂದ ಕೊಳ್ಳಬೇಕು.

3 ಕಿಲೋವ್ಯಾಟ್: 4230 ಯೂನಿಟ್. ಮನೆಗೆ 3640 ಪೂರ್ತಿ ಸಿಗುತ್ತದೆ, 590 ಮಿಗುತ್ತದೆ.

5 ಕಿಲೋವ್ಯಾಟ್: 7050 ಯೂನಿಟ್. ಮನೆಗೆ ಬೇಕಾದದ್ದು ಅದೇ 3640, ಮಿಗುವುದು 3410.

ಕೊನೆಯ ಕಿಲೋವ್ಯಾಟ್ ಏನು ಗಳಿಸುತ್ತದೆ?

ಈಗ ಇದನ್ನು ರೂಪಾಯಿಗೆ ತಿರುಗಿಸಬೇಕು. ಸಬ್ಸಿಡಿಯ ಲೆಕ್ಕ ಸ್ಪಷ್ಟವಿದೆ: ಮೊದಲ 2 ಕಿಲೋವ್ಯಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಅದರಾಚೆ ಏನೂ ಇಲ್ಲ. 3 ಹಾಕಿದರೂ 10 ಹಾಕಿದರೂ 78 ಸಾವಿರವೇ ಗರಿಷ್ಠ. ಸಬ್ಸಿಡಿಗೆ ಪ್ಯಾನೆಲ್‌ಗಳ ಒಟ್ಟು ಸಾಮರ್ಥ್ಯ ಮತ್ತು ಇನ್ವರ್ಟರ್ ಸಾಮರ್ಥ್ಯ ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಪರಿಗಣಿಸುತ್ತಾರೆ, ಪ್ಯಾನೆಲ್‌ಗಳು ದೇಶೀಯ ತಯಾರಿಕೆಯದ್ದಾಗಿರಬೇಕು.

ಲೆಕ್ಕದ ಅನುಕೂಲಕ್ಕೆ ಕಿಲೋವ್ಯಾಟ್‌ಗೆ 65 ಸಾವಿರ ರೂಪಾಯಿ ಖರ್ಚು, ಉಳಿದ ಪ್ರತಿ ಯೂನಿಟ್ ಬಿಲ್‌ಗೆ ತೆರಿಗೆ ಸೇರಿ 6 ರೂಪಾಯಿ 50 ಪೈಸೆ, ಮಾರಿದ ಯೂನಿಟ್‌ಗೆ 2 ರೂಪಾಯಿ 50 ಪೈಸೆ ಎಂದಿಟ್ಟುಕೊಂಡರೆ:

2 ಕಿಲೋವ್ಯಾಟ್‌ಗೆ ಸಬ್ಸಿಡಿ ಕಳೆದು ಕೈಯಿಂದ 70 ಸಾವಿರ. ವರ್ಷದ ಉಳಿತಾಯ 18,330. ಹಣ ವಾಪಸಾಗಲು 4 ವರ್ಷಕ್ಕೂ ಕಡಿಮೆ.

3 ಕಿಲೋವ್ಯಾಟ್‌ಗೆ ಕೈಯಿಂದ 1 ಲಕ್ಷ 17 ಸಾವಿರ. ವರ್ಷಕ್ಕೆ 25,135. ಸುಮಾರು 4 ವರ್ಷ 8 ತಿಂಗಳು.

5 ಕಿಲೋವ್ಯಾಟ್‌ಗೆ ಕೈಯಿಂದ 2 ಲಕ್ಷ 47 ಸಾವಿರ. ವರ್ಷಕ್ಕೆ 32,185. ಸುಮಾರು 7 ವರ್ಷ 8 ತಿಂಗಳು.

7-8 ವರ್ಷವೂ ಕೆಟ್ಟದ್ದೇನಲ್ಲ ಎಂದು ಮಾರುವವರು ಹೇಳುತ್ತಾರೆ. ಇಲ್ಲಿಯೇ ಎಚ್ಚರ ಬೇಕು. ಈ ಸರಾಸರಿಯಲ್ಲಿ ಒಳ್ಳೆಯ ಕಿಲೋವ್ಯಾಟ್‌ಗಳ ಗಳಿಕೆ ಕೆಟ್ಟ ಕಿಲೋವ್ಯಾಟ್‌ಗಳ ಕೊರತೆಯನ್ನು ಮುಚ್ಚಿಹಾಕುತ್ತದೆ. ಪ್ರತಿಯೊಂದನ್ನೂ ಬೇರೆಯಾಗಿ ನೋಡಬೇಕು. 2ರಿಂದ 3ಕ್ಕೆ ಹೋಗಲು ಹೆಚ್ಚುವರಿ 47 ಸಾವಿರ ಬೇಕು, ಅದು ವರ್ಷಕ್ಕೆ 6,805 ಗಳಿಸುತ್ತದೆ, 7 ವರ್ಷದಲ್ಲಿ ತೀರುತ್ತದೆ. 3ರಿಂದ 5ಕ್ಕೆ ಹೋಗಲು ಬೇಕಾದದ್ದು 1 ಲಕ್ಷ 30 ಸಾವಿರ. ಆ ಹಣ ವರ್ಷಕ್ಕೆ ಗಳಿಸುವುದು 7,050 ಮಾತ್ರ, ಅಸಲು ಬರಲು 18 ವರ್ಷ ಬೇಕು. ನಡುವೆ ಇನ್ವರ್ಟರ್ ಒಮ್ಮೆ ಬದಲಾಯಿಸುವ ಪ್ರಸಂಗ ಬಂದರೆ ಅದೂ ಹೋಯಿತು. ಅದೇ ಹಣ ಬ್ಯಾಂಕಿನ ಠೇವಣಿಯಲ್ಲಿದ್ದರೂ ಅದಕ್ಕಿಂತ ಹೆಚ್ಚು ತರುತ್ತಿತ್ತು. ಅಂಗಡಿಯಲ್ಲಿ ಮಾಲು ತುಂಬುವಾಗ ಕೊನೆಯ ಮೂಟೆ ಖರ್ಚಾಗುತ್ತದೆಯೋ ಇಲ್ಲವೋ ಎಂದು ನೋಡುವ ಹಾಗೆಯೇ ಇಲ್ಲಿಯೂ ಕೊನೆಯ ಕಿಲೋವ್ಯಾಟ್ ತನ್ನ ಬೆಲೆಯನ್ನು ತಾನೇ ದುಡಿಯುತ್ತದೆಯೇ ಎಂದು ಕೇಳಬೇಕು.

ಆ ಮನೆಗೆ ಉತ್ತರ 2ರಿಂದ 3ರ ನಡುವೆ. ಮುಂದೆ ಬಳಕೆ ಹೆಚ್ಚುವ ಸೂಚನೆ ಇದ್ದರೆ 3, ಮಕ್ಕಳು ಓದಿಗೆ ಅಥವಾ ಕೆಲಸಕ್ಕೆ ಬೇರೆ ಊರಿಗೆ ಹೋಗುವ ಹಾಗಿದ್ದರೆ 2. ಕೊಟೇಶನ್, ದರಪಟ್ಟಿ, ಒಪ್ಪಂದದ ದಿನದ ಖರೀದಿ ದರ ಕೈಗೆ ಬಂದ ಮೇಲೆ ಇದೇ ಲೆಕ್ಕವನ್ನು ಆ ಅಂಕಿಗಳಿಂದ ಮತ್ತೆ ಮಾಡಿ ನೋಡಬೇಕು. ಅಂಕಿ ಬದಲಾದರೂ ಕ್ರಮ ಬದಲಾಗುವುದಿಲ್ಲ.

ಗೃಹಜ್ಯೋತಿ ಇರುವ ಮನೆಗಳು

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಮಿತಿಯೊಳಗೆ, ತಮಗೆ ನಿಗದಿಯಾದ ಸರಾಸರಿಯಷ್ಟೇ ಬಳಸುವ ಮನೆಗೆ ಬಿಲ್ ಸೊನ್ನೆ ಬರುತ್ತದೆ. ಅಂಥ ಮನೆಯಲ್ಲಿ ಸೋಲಾರ್ ಉಳಿಸಿಕೊಡುವ ಹಣವೇ ಇಲ್ಲ. ವೃದ್ಧ ದಂಪತಿ ಮಾತ್ರ ಇರುವ, ತಿಂಗಳಿಗೆ 80-100 ಯೂನಿಟ್ ಬಳಸುವ ಮನೆಗೆ ಸಬ್ಸಿಡಿ ಸಿಗುತ್ತದೆಂಬ ಒಂದೇ ಕಾರಣಕ್ಕೆ 3 ಕಿಲೋವ್ಯಾಟ್ ಹಾಕಿಸುವುದು ಕೈಯಲ್ಲಿರುವ ಹಣವನ್ನು ತಾರಸಿಯ ಮೇಲೆ ಒಣಗಿಸಿದಂತೆ. ಅವರ ಪಾಲಿಗೆ ಸರಿಯಾದ ಅಳತೆ ಸದ್ಯಕ್ಕೆ ಸೊನ್ನೆ. ತಿಂಗಳಿಗೆ 250-300 ಮೀರಿ ಬಳಸಿ ಪೂರ್ತಿ ಬಿಲ್ ಕಟ್ಟುವ ಮನೆಗಳಿಗೆ ಸೋಲಾರ್‌ನ ನಿಜವಾದ ಉಪಯೋಗವಿದೆ.

ಮೊದಲು ಬಳಕೆ ತಗ್ಗಿಸಿ, ಆಮೇಲೆ ಅಳತೆ

ಪ್ಯಾನೆಲ್‌ಗಿಂತ ಅಗ್ಗದ ದಾರಿ ಮನೆಯೊಳಗೇ ಇದೆ. ಹಳೆಯ ಸೀಲಿಂಗ್ ಫ್ಯಾನ್ 70-75 ವ್ಯಾಟ್ ಎಳೆಯುತ್ತದೆ, ಹೊಸ ಬಿಎಲ್‌ಡಿಸಿ ಫ್ಯಾನ್ 30-35 ವ್ಯಾಟ್. ಐದು ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ಉಳಿಯುವುದು ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72. ಇದು 0.6 ಕಿಲೋವ್ಯಾಟ್ ಪ್ಯಾನೆಲ್‌ನ ದುಡಿಮೆಗೆ ಸಮ. ಪ್ಯಾನೆಲ್‌ಗೆ ಮೇಲಿನ ಲೆಕ್ಕದಲ್ಲಿ 39 ಸಾವಿರ ಬೇಕು, ಐದು ಫ್ಯಾನ್‌ಗೆ ಅದರ ಅರ್ಧವೂ ಬೇಡ. ಹಾಗೆಯೇ 2 ಕಿಲೋವ್ಯಾಟ್‌ನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ತಾರಸಿಯಲ್ಲಿ ನೀರು ಕಾಯಿಸುವ ಸೋಲಾರ್ ಇದ್ದರೆ ಆ ಭಾರ ವಿದ್ಯುತ್ ಮೇಲೆ ಬೀಳುವುದಿಲ್ಲ.

ಮುಂದೆ ಹೆಚ್ಚುವ ಬಳಕೆಯನ್ನೂ ಸೇರಿಸಬೇಕು, ಆದರೆ ಖಚಿತವಾದದ್ದನ್ನು ಮಾತ್ರ. ವಿದ್ಯುತ್ ಸ್ಕೂಟರ್‌ಗೆ 100 ಕಿಲೋಮೀಟರ್‌ಗೆ ಸುಮಾರು 3 ಯೂನಿಟ್ ಸಾಕು. ದಿನಕ್ಕೆ 30 ಕಿಲೋಮೀಟರ್ ಓಡಿಸಿದರೂ ತಿಂಗಳಿಗೆ 30 ಯೂನಿಟ್ ಆಸುಪಾಸು. ಇದಕ್ಕಾಗಿ ಇನ್ನೊಂದು ಕಿಲೋವ್ಯಾಟ್ ಬೇಡ. ಒಂದೂವರೆ ಟನ್ ಎಸಿ ಗಂಟೆಗೆ 1ರಿಂದ 1.5 ಯೂನಿಟ್ ಎಳೆಯುತ್ತದೆ. ಬೇಸಿಗೆಯ ಮೂರು ತಿಂಗಳು ರಾತ್ರಿ 6 ಗಂಟೆ ಓಡಿದರೆ ಆ ತಿಂಗಳುಗಳ ಲೆಕ್ಕ 200 ಯೂನಿಟ್‌ನಷ್ಟು ಏರುತ್ತದೆ. ಆದರೂ ಉಳಿದ ಒಂಬತ್ತು ತಿಂಗಳು ಅದು ಇರುವುದಿಲ್ಲ ಎಂಬುದನ್ನು ಮರೆಯಬಾರದು.

ತಾರಸಿ ಮತ್ತು ನೆರಳು

ಬಳಕೆಯ ಲೆಕ್ಕ ಮುಗಿದ ಮೇಲೆ ತಾರಸಿ ನೋಡಬೇಕು. ಈಗ ಹೆಚ್ಚಾಗಿ ಬರುವ 550 ವ್ಯಾಟ್ ಪ್ಯಾನೆಲ್ ಸುಮಾರು ಏಳೂವರೆ ಅಡಿ ಉದ್ದ, ಕಾಲು ಕಡಿಮೆ ನಾಲ್ಕಡಿ ಅಗಲ ಇರುತ್ತದೆ. ಆರು ಪ್ಯಾನೆಲ್‌ಗೆ 3.3 ಕಿಲೋವ್ಯಾಟ್. ನಡುವೆ ಓಡಾಡಿ ತೊಳೆಯುವ ಜಾಗ ಸೇರಿ ಕಿಲೋವ್ಯಾಟ್‌ಗೆ 100 ಚದರ ಅಡಿ ಹಿಡಿಯಬೇಕು. ಪ್ಯಾನೆಲ್ ದಕ್ಷಿಣಕ್ಕೆ ಮುಖಮಾಡಿ 10-15 ಡಿಗ್ರಿ ಓರೆಯಾಗಿದ್ದರೆ ನಮ್ಮ ರಾಜ್ಯಕ್ಕೆ ಸರಿ.

ಬೆಳಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ನೆರಳು ಬೀಳದ ಜಾಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪ್ಯಾನೆಲ್‌ಗಳನ್ನು ಸರಪಳಿಯಂತೆ ಒಂದಕ್ಕೊಂದು ಜೋಡಿಸುವುದರಿಂದ ಒಂದರ ಮೇಲೆ ಬಿದ್ದ ನೆರಳು ಇಡೀ ಸಾಲಿನ ಉತ್ಪಾದನೆಯನ್ನು ಕುಗ್ಗಿಸುತ್ತದೆ. ನೀರಿನ ಟ್ಯಾಂಕ್, ತೆಂಗಿನ ಮರ, ಪಕ್ಕದವರ ಎರಡನೇ ಮಹಡಿ ಇವೆಲ್ಲವನ್ನೂ ಡಿಸೆಂಬರ್‌ನಲ್ಲಿ ನೋಡಬೇಕು. ಆಗ ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಉದ್ದವಾಗುತ್ತದೆ. ನೆರಳಿಲ್ಲದ ಜಾಗ 200 ಚದರ ಅಡಿ ಮಾತ್ರ ಇದ್ದರೆ ಅಳತೆ 2 ಕಿಲೋವ್ಯಾಟ್‌ಗೇ ನಿಲ್ಲಬೇಕು. ಮೂರನೆಯದನ್ನು ನೆರಳಿನಲ್ಲಿ ತುರುಕಿದರೆ ಮೊದಲೆರಡರ ಗಳಿಕೆಯೂ ಕೆಡುತ್ತದೆ.

ಮಂಜೂರಾದ ಲೋಡ್ ಮತ್ತು ಮೀಟರ್

ಬಿಲ್‌ನಲ್ಲಿ ಮಂಜೂರಾದ ಲೋಡ್ ಎಷ್ಟು ಎಂದು ನಮೂದಾಗಿರುತ್ತದೆ. ಸೋಲಾರ್ ಅದಕ್ಕಿಂತ ದೊಡ್ಡದಾದರೆ ಲೋಡ್ ಏರಿಸಬೇಕಾಗುತ್ತದೆ. ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಪ್ರತಿ ತಿಂಗಳೂ ಬರುವುದರಿಂದ ಲೋಡ್ ಏರಿದರೆ ಅದೂ ಏರುತ್ತದೆ. ಎಷ್ಟೇ ಯೂನಿಟ್ ಉತ್ಪಾದಿಸಿದರೂ ಆ ಶುಲ್ಕವನ್ನು ಸೋಲಾರ್ ಕಳೆಯುವುದಿಲ್ಲ. 5 ಕಿಲೋವ್ಯಾಟ್ ಮೀರಿದರೆ ತ್ರೀ ಫೇಸ್ ಸಂಪರ್ಕ ಬೇಕು. 2024ರ ಕೇಂದ್ರ ನಿಯಮದಂತೆ 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಸಾಧ್ಯತಾ ಪರಿಶೀಲನೆಯಿಲ್ಲದೆ ಅರ್ಜಿ ಒಪ್ಪಬೇಕೆಂದಿದೆ. ಅನುಮತಿ ಸುಲಭ ಎಂಬುದು ದೊಡ್ಡದು ಹಾಕಿಸಲು ಕಾರಣವಾಗಬಾರದು.

ಕೆಳಗೆ ಅಂಗಡಿ, ಮೇಲೆ ಮನೆ ಇರುವವರು ಆರ್‌ಆರ್ ನಂಬರ್ ನೋಡಿಕೊಳ್ಳಬೇಕು. ಮನೆಯ ಮೀಟರಿಗೆ ಜೋಡಿಸಿದ ಸೋಲಾರ್ ಅಂಗಡಿಯ ಬಿಲ್ಲನ್ನು ಇಳಿಸುವುದಿಲ್ಲ. ಎರಡೂ ಬಿಲ್ ಕೂಡಿಸಿ ಅಳತೆ ನಿರ್ಧರಿಸಿದರೆ ಮನೆಯ ಕಡೆ ವಿದ್ಯುತ್ ಮಿಕ್ಕಿ ಕಡಿಮೆ ಬೆಲೆಗೆ ಹೋಗುತ್ತದೆ, ಅಂಗಡಿಯ ಬಿಲ್ ಹಾಗೆಯೇ ಉಳಿಯುತ್ತದೆ. ಮನೆಗಳಿಗೆ ಸಿಗುವ ಸಬ್ಸಿಡಿ ಅಂಗಡಿಯ ಮೀಟರಿಗೆ ಇಲ್ಲ. ಸಮಾಜದ ಕಲ್ಯಾಣ ಮಂಟಪ, ಯಾತ್ರಿ ನಿವಾಸಗಳ ಲೆಕ್ಕವೂ ಬೇರೆ. ಅಲ್ಲಿ ಚಾತುರ್ಮಾಸ, ಪರ್ಯೂಷಣದ ದಿನಗಳಲ್ಲಿ ಬಳಕೆ ಏರುತ್ತದೆ, ಆಗ ಮೋಡದಿಂದ ಉತ್ಪಾದನೆ ಕಡಿಮೆ. ಬಿಸಿಲಿರುವ ಎಷ್ಟೋ ತಿಂಗಳು ಕಟ್ಟಡವೇ ಖಾಲಿ. ಹೆಚ್ಚು ಜನ ಸೇರುವ ದಿನ ನೋಡಿ ಅಳತೆ ನಿರ್ಧರಿಸಿದರೆ ವರ್ಷದ ಬಹುಭಾಗ ವಿದ್ಯುತ್ ಮಿಗುತ್ತದೆ. ಖಾಲಿ ತಿಂಗಳುಗಳ ಬಿಲ್ಲನ್ನು ಮುಂದಿಟ್ಟುಕೊಂಡೇ ಆಡಳಿತ ಮಂಡಳಿ ನಿರ್ಧರಿಸುವುದು ಒಳ್ಳೆಯದು.

ಕರೆಂಟ್ ಹೋದಾಗ

ಸೋಲಾರ್ ಇದ್ದರೆ ಕರೆಂಟ್ ಹೋಗುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. ಗ್ರಿಡ್‌ಗೆ ಜೋಡಿಸಿದ, ಬ್ಯಾಟರಿಯಿಲ್ಲದ ವ್ಯವಸ್ಥೆ ಲೈನಿನಲ್ಲಿ ವಿದ್ಯುತ್ ನಿಂತ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿ ದುರಸ್ತಿ ಮಾಡುವ ಲೈನ್‌ಮನ್‌ಗೆ ಮನೆಯ ವಿದ್ಯುತ್ ತಗಲಬಾರದೆಂದು ಹಾಗೆ ಮಾಡಲಾಗಿದೆ. 2 ಇದ್ದರೂ 10 ಇದ್ದರೂ ಇದೇ ನಿಯಮ. ಪವರ್ ಕಟ್ ಹೆಚ್ಚಿರುವ ಊರಿನವರು ಅಳತೆ ಏರಿಸಿ ಪ್ರಯೋಜನವಿಲ್ಲ, ಈಗಿರುವ ಯುಪಿಎಸ್ ಉಳಿಸಿಕೊಳ್ಳಬೇಕು ಅಥವಾ ಬ್ಯಾಟರಿ ಇರುವ ಹೈಬ್ರಿಡ್ ವ್ಯವಸ್ಥೆಗೆ ಬೇರೆ ಹಣ ತೆಗೆದಿಡಬೇಕು. ಸೂರ್ಯಾಸ್ತಕ್ಕೆ ಮೊದಲೇ ಅಡುಗೆ-ಊಟ ಮುಗಿಸುವ ಮನೆಗಳಲ್ಲಿ ಮಿಕ್ಸಿ, ಇಂಡಕ್ಷನ್ ಒಲೆಯ ಕೆಲಸ ಹಗಲಿಗೇ ಆಗುವುದರಿಂದ ರಾತ್ರಿಗೆ ದೀಪ, ಫ್ಯಾನ್ ಮಾತ್ರ ಉಳಿಯುತ್ತವೆ. ಅಂಥವರಿಗೆ ಚಿಕ್ಕ ಬ್ಯಾಟರಿ ಸಾಕು. ನೆಟ್ ಮೀಟರ್ ಲೆಕ್ಕಕ್ಕೆ ಮಾತ್ರ ಹಗಲು-ರಾತ್ರಿಯ ಭೇದವಿಲ್ಲ, ತಿಂಗಳ ಒಟ್ಟು ಬಳಕೆಯೇ ಮುಖ್ಯ.

ಸಹಿ ಹಾಕುವ ಮುನ್ನ

ಒಂದು ಹಾಳೆಯಲ್ಲಿ ಈ ಅಂಕಿಗಳನ್ನು ಬರೆದಿಟ್ಟುಕೊಂಡರೆ ಯಾರು ಏನು ಹೇಳಿದರೂ ಗೊಂದಲವಾಗುವುದಿಲ್ಲ: 12 ತಿಂಗಳ ಯೂನಿಟ್, ಅದರ ಮೊತ್ತವನ್ನು 1400ರಿಂದ ಭಾಗಿಸಿದ ಅಂಕೆ, ನೆರಳಿಲ್ಲದ ಜಾಗದ ಚದರ ಅಡಿ, ಮಂಜೂರಾದ ಲೋಡ್, ಮಿಕ್ಕ ಯೂನಿಟ್‌ಗೆ ಈಗಿನ ಖರೀದಿ ದರ. ಮಲೆನಾಡು, ಕರಾವಳಿಯವರು 1400ರ ಬದಲು ತಮ್ಮ ಊರಿನಲ್ಲಿ ಈಗಾಗಲೇ ಹಾಕಿಸಿದವರ ಮೀಟರ್‌ನ ವರ್ಷದ ಅಂಕೆಯನ್ನು ಕೇಳಿ ಬಳಸಿದರೆ ಇನ್ನೂ ಉತ್ತಮ. ಎರಡು-ಮೂರು ಕಡೆಯಿಂದ ಕೊಟೇಶನ್ ಪಡೆಯುವಾಗ 2 ಮತ್ತು 3 ಕಿಲೋವ್ಯಾಟ್‌ಗೆ ಬೇರೆ ಬೇರೆ ಬೆಲೆ ಬರೆದುಕೊಡಲು ಕೇಳಬೇಕು. ಆಗ ಕೊನೆಯ ಕಿಲೋವ್ಯಾಟ್‌ನ ನಿಜವಾದ ಬೆಲೆ ತಿಳಿಯುತ್ತದೆ.

ಭಾಗಿಸಿದಾಗ ಬಂದ ಅಂಕೆ ಎರಡು ಅಳತೆಗಳ ನಡುವೆ ನಿಂತು ತೀರ್ಮಾನ ಕಷ್ಟವಾದರೆ ಚಿಕ್ಕದನ್ನೇ ಆರಿಸಿ, ಮುಂದೆ ಪ್ಯಾನೆಲ್ ಸೇರಿಸಲು ತಾರಸಿಯಲ್ಲಿ ಜಾಗ ಬಿಡಬಹುದು. ಚಿಕ್ಕದಾದರೆ ಒಂದಿಷ್ಟು ಬಿಲ್ ಬರುತ್ತದೆ, ಅಷ್ಟೇ. ದೊಡ್ಡದಾದರೆ ಹೂಡಿದ ಹಣವನ್ನು ತಾರಸಿಯಿಂದ ಇಳಿಸಿ ತರಲು ಆಗುವುದಿಲ್ಲ.